ಸ್ವಂತದ್ದು: ಇಲ್ಲ

ಶ್ರಾವಣದ ಎರಡನೆಯ ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷ. ಸ್ಥಳ: ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಅವನ ಮನೆಯ ಪಡಸಾಲೆ. ಹಾಜರಿದ್ದವರು: ಅವನ ಹೆಂಡತಿ, ಹನ್ನೊಂದು ವರ್ಷ ಅವನ ಬಸ್ಸು ಓಡಿಸಿದ ಡ್ರೈವರ್ ಖಾಸೀಂಸಾಬ, ಮತ್ತು ನಾನು. ಗೈರುಹಾಜರು: ಅವನು. ಯುಗಾದಿಯಾದ ಮರುವಾರ ತೀರಿಕೊಂಡ.

ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ತಡವಾಗಿದ್ದರೆ ಯಾಕೆ ತಡವಾಯಿತು ಎಂದು ಬರೆದು ಸಹಿ ಹಾಕುವುದು ಮೂವತ್ತೆರಡು ವರ್ಷ ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಆರು ವರ್ಷ ಕಳೆದರೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಐದೂವರೆಗೆ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ. ಅವನು ಕಂಡಕ್ಟರ್. ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ ಸೇರುವ ಬಸ್ಸು ಅವನದು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಈಗ ಬೇರೆ ಯಾರದೋ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದೇ ನಾನು ಹೇಳಬೇಕಾದದ್ದು.

ಪಡಸಾಲೆಯ ಚಾಪೆಯ ಮೇಲೆ ಹದಿನಾಲ್ಕು ನೋಟುಬುಕ್ಕುಗಳಿದ್ದವು. ಅವನ ಹೆಂಡತಿ ಅವುಗಳ ಧೂಳು ಒರೆಸಿ, ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದಳು.

"ಕಾಕಾರ, ಬಾಗೇವಾಡಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸೋ ಬಾಯಾರು ಇವನ್ನ ಮತ್ತ ಆ್ಯಪ್ ಮಾಡ್ತೇನಿ ಅಂದಾರ," ಅಂದಳು. "ಆದ್ರ ಯಾವು ಇವರು ಬರದಾವು, ಯಾವು ಮಂದಿ ಹೇಳಿದಾವು, ಬ್ಯಾರೆ ಮಾಡಿ ಕೊಟ್ರಽ ಮುಟ್ತಾರಂತ. ಇಲ್ಲಂದ್ರ ಹಿಂದಿನಂಗಽ ಆಕ್ಕೈತಿ ಅಂತಾರ. ನೀವು ಕುಂತು ಬ್ಯಾರೆ ಮಾಡಿ ಕೊಡ್ರಿ."

ಮೂರು ವರ್ಷದ ಹಿಂದೆಯೇ ಆಗಬೇಕಿದ್ದ ಕೆಲಸ. ಆಗದಂತೆ ಮಾಡಿದವರು ಯಾರು ಎಂಬುದು ಆ ಪಡಸಾಲೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಕನ್ನಡಕ ಹಾಕಿಕೊಂಡು ಕುಳಿತೆ.

ನೋಟುಬುಕ್ಕಿನಲ್ಲಿ ಇದ್ದದ್ದು ಒಡಪುಗಳು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಬಾಯಿಗೆ ತರುವುದಿಲ್ಲ. ಎರಡು ಸಾಲಿನ ಪ್ರಾಸದಲ್ಲಿ ಹೂತಿಟ್ಟು ಹೇಳುತ್ತಾರೆ. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಒಡಪು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಈಗಿನ ಹುಡುಗಿಯರಿಗೆ ಒಡಪು ಬಾರದು, ಆದರೆ ಹೊಸ್ತಿಲಲ್ಲಿ ತಡೆಯುವವರು ಇನ್ನೂ ಇದ್ದಾರೆ. ಈ ಎರಡರ ನಡುವಿನ ಜಾಗ ಅವನ ಕಣ್ಣಿಗೆ ಬಿತ್ತು.

ಅವನು ಕೆಲಸಕ್ಕೆ ಸೇರಿದ ಮೊದಲ ದಿನ ನಡೆದದ್ದನ್ನು ಹೇಳಲೇಬೇಕು. ಕಂಡಕ್ಟರನ ದಿನದ ಹಾಳೆಯಲ್ಲಿ ಒಂದು ಸಾಲು ಇರುತ್ತದೆ: ಸ್ವಂತದ್ದು. ಮನೆಯಿಂದ ತಂದ ದುಡ್ಡು ಜೇಬಿನಲ್ಲಿದ್ದರೆ ಬಸ್ಸು ಹೊರಡುವ ಮೊದಲೇ ಅಲ್ಲಿ ಬರೆಯಬೇಕು. ಬರೆಯದಿದ್ದರೆ ಅದೂ ಟಿಕೆಟ್ ಚೀಲದ, ಅಂದರೆ ಸಂಸ್ಥೆಯ, ದುಡ್ಡೆಂದೇ ಲೆಕ್ಕ. ಅವನು ಆ ಸಾಲು ಖಾಲಿ ಬಿಟ್ಟಿದ್ದ. ಜೇಬು ತೋರಿಸು ಎಂದೆ. ಅವ್ವ ಊಟಕ್ಕೆಂದು ಕೊಟ್ಟ ಎರಡು ನೋಟು ಇದ್ದವು. ಎಲ್ಲರೆದುರು ಬೈದೆ.

"ಸ್ವಂತದ್ದು ಬ್ಯಾರೆ, ಚೀಲದ್ದು ಬ್ಯಾರೆ. ಬರೀಲಿಲ್ಲಂದ್ರ ಎಲ್ಲಾ ಚೀಲದ್ದಽ. ನಿಮ್ಮಪ್ಪ ಬಂದು ಹೇಳಿದ್ರೂ ಕೇಳೂದಿಲ್ಲ."

"ನಮ್ಮಪ್ಪ ಹಂಗೆಲ್ಲಾ ಬಂದು ಹೇಳೋ ಮನಷ್ಯಾ ಅಲ್ರಿ ಸಾಹೇಬ್ರ," ಅಂದ. ಸುತ್ತ ನಿಂತವರು ನಕ್ಕರು. ನಾನು ನಗಲಿಲ್ಲ. ಮರುದಿನದಿಂದ ಅವನು ಊಟ ಕಟ್ಟಿಸಿಕೊಂಡು ಬರತೊಡಗಿದ. ಆ ಸಾಲಿನಲ್ಲಿ ಪ್ರತಿದಿನ, ಗುಂಡಗಿನ ಅಕ್ಷರದಲ್ಲಿ, ಒಂದೇ ಮಾತು: ಇಲ್ಲ.

ಬಸ್ಸಿನಲ್ಲಿ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಟಿಕೆಟ್ ಕೊಡುತ್ತಲೇ ಕೇಳುತ್ತಿದ್ದ, "ಯವ್ವಾ, ಒಂದು ಒಡಪು ಹೇಳು, ಕಿಡಕಿ ಸೀಟು ಕೊಡಸ್ತೇನಿ."

"ಕಿಡಕಿ ಸೀಟೇನ್ ನಿಮ್ಮಪ್ಪಂದೇನ? ಮೊದಲ ನಿನ್ನ ಹೇಣ್ತಿ ಏನ್ ಹೇಳ್ತಾಳ ಅದನ್ನ ಹೇಳು."

"ಆಕಿ ಹೇಳಿದ್ರ ಬಸ್ಸಽ ನಿಂತಬಿಡ್ತೈತಿ, ಬ್ಯಾಡ."

ಹೀಗೆ ಮಾತು ಹತ್ತುತ್ತಿತ್ತು. ಯಂಕಂಚಿಯ ಒಬ್ಬ ಹೆಣ್ಣುಮಗಳು ಎದ್ದು ನಿಂತು ಶುರುಮಾಡಿದಳಂತೆ: "ಯಂಕಂಚಿ ಹೊಲದಾಗ ಬಿಳಿಜ್ವಾಳದ ತೆನಿ..." ಮುಂದಿನ ಸಾಲು ನೆನಪಾಗಲಿಲ್ಲ. ಅಷ್ಟರಲ್ಲಿ ಅವಳ ಊರು ಬಂತು. ಇಳಿದು ಹೋದಳು. ಇವನು ನಾಲ್ಕು ದಿನ ಅದನ್ನು ಬಾಯಲ್ಲಿ ಹೊರಳಿಸಿ, ಗಂಡನ ಹೆಸರಿನ ಜಾಗಕ್ಕೆ ಚುಕ್ಕೆ ಇಟ್ಟು, ತಾನೇ ಮುಗಿಸಿದ: "...ರಾಯರು ಬಂದು ನಿಂತರ ತುಂಬೀತು ಮನಿ." ಮುಂದಿನ ವಾರ ಅವಳಿಗೇ ಓದಿ ತೋರಿಸಿದರೆ, "ಹಾಂ, ಹಿಂಗಽ ಇತ್ತು ನೋಡು ಅದು," ಅಂದಳಂತೆ. ಆ ಒಡಪು ಯಾರದು? ಅವಳದೋ, ಇವನದೋ? ಆಗ ನಮಗೆ ಇಬ್ಬರಿಗೂ ಇದು ಪ್ರಶ್ನೆಯೆಂದೇ ಅನ್ನಿಸಿರಲಿಲ್ಲ.

ತಂಗಡಗಿಯ ಮುದುಕಿಯೊಬ್ಬಳು ಗಂಡ ಸತ್ತ ಮೇಲೆ ಅವನ ಹೆಸರು ಹೇಳಿರಲೇ ಇಲ್ಲ. ಮುದ್ದೇಬಿಹಾಳದ ನಿಲ್ದಾಣದಲ್ಲಿ, ಬಸ್ಸು ಹೊರಡುವ ಹೊತ್ತಿಗೆ, ಇವನ ಕೈ ಹಿಡಿದು ನಿಲ್ಲಿಸಿ ಹೇಳಿದಳು: "ತಂಗಡಗಿ ಹೊಳಿ ನೀರಿನ್ಯಾಗ ತಳ ಕಾಣೂದಿಲ್ಲ, ...ರಾಯರ ಹೆಸರ ಬಿಟ್ರ ನನಗ ಏನೂ ಕಾಣೂದಿಲ್ಲ." ಹೇಳಿ ಅತ್ತಳು, ಮತ್ತೆ ಹೇಳಿದಳು. ಆ ದಿನ ಬಸ್ಸು ಸಿಂದಗಿಗೆ ಹನ್ನೆರಡು ನಿಮಿಷ ತಡವಾಗಿ ಬಂತು. ಕಾರಣದ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ಪ್ರಯಾಣಿಕರ ಒಡಪು ಮುಗಿದಿದ್ದಿಲ್ಲ ಅಂತ ಬರೀರಿ."

ನಾನು "ಕಂಡಕ್ಟರ್" ಎಂದು ಬರೆದು ಕಳಿಸಿದೆ. ಅವನಿಗೆ ಮೆಮೊ ಬಂತು. ಮೆಮೊ ಬಂದ ದಿನವೂ ನನಗೆ ಚಹಾ ತರಿಸಿಕೊಟ್ಟ. ತನ್ನ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದ. ಸಕ್ಕರೆ ಕಾಯಿಲೆಯವನು. ಆ್ಯಪ್ ಹೋದ ಕೊರಗಿನಲ್ಲಿ ಸತ್ತ ಎಂದು ಈಗ ಓಣಿಯ ಮಂದಿ ಹೇಳುತ್ತಾರೆ. ಸುಳ್ಳು. ಸತ್ತದ್ದು ಸಕ್ಕರೆಯಿಂದ. ಆ್ಯಪ್ ಹೋದದ್ದರಿಂದ ಅವನು ಸಾಯಲಿಲ್ಲ, ಸುಮ್ಮನಾದ, ಅಷ್ಟೆ. ಅದು ಬೇರೆ ಲೆಕ್ಕ.

ಆ್ಯಪ್ ಮಾಡುವುದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಒಡೆದ ಗಾಜಿನ ಮೊಬೈಲಿನಲ್ಲಿ ವಿಡಿಯೊ ನೋಡಿ, ಹಳೆಯ ಕಂಪ್ಯೂಟರ್ ಒಂದನ್ನು ತಂದು, ವಾರದ ರಜೆಗಳನ್ನೆಲ್ಲ ಅದರ ಮುಂದೆ ಕಳೆದು, ನಾಲ್ಕು ವರ್ಷದಲ್ಲಿ ಕಲಿತ. ಅವನ ಆ್ಯಪಿನಲ್ಲಿ ಗಂಡನ ಹೆಸರು ಒತ್ತಿದರೆ ಆ ಹೆಸರಿಗೆ ಕೂಡುವ ಒಡಪು ಬರುತ್ತಿತ್ತು. ಮೂರಕ್ಷರದ ಹೆಸರಿಗೆ ಒಂದು ನಡಿಗೆ, ಐದಕ್ಷರದ ಹೆಸರಿಗೆ ಇನ್ನೊಂದು. ಎಲ್ಲಿಯೂ ನಾಲಿಗೆ ಎಡವದಂತೆ ಸಾಲುಗಳನ್ನು ತಿದ್ದಿದ್ದ. ಒತ್ತಿದರೆ ಮೊದಲು ಕಂಡಕ್ಟರನ ಸೀಟಿ ಕೇಳಿಸುತ್ತಿತ್ತು, ಆಮೇಲೆ ಒಡಪು. ನಾಲ್ಕು ತಾಲೂಕಿನ ಮದುವೆಗಳಲ್ಲಿ ಆ ಸೀಟಿ ಕೇಳಿದವರು ಈಗಲೂ ಇದ್ದಾರೆ. ಬಸ್ಸುಗಳ ವೇಳೆ ತಿಳಿಸುವ ಇನ್ನೊಂದು ಸಣ್ಣ ಆ್ಯಪನ್ನೂ ಮಾಡಿದ್ದ. ಅದರ ವೇಳಾಪಟ್ಟಿ ನನ್ನ ಕೈಬರಹದ್ದು.

ಆ್ಯಪನ್ನು ಹೊರಗೆ ಬಿಡುವ ಹಿಂದಿನ ದಿನ ಮಧ್ಯಾಹ್ನ ನನ್ನ ಮನೆಗೆ ಬಂದ. ಕೈಯಲ್ಲಿ ಮೊದಲನೆಯ ನೋಟುಬುಕ್ಕು.

"ಸಾಹೇಬ್ರ, ಮೊದಲನೇ ಪುಟದಾಗ ಏನರೆ ಎರಡು ಮಾತು ಇರಬೇಕ್ರಿ. ಏನ ಬರೀಲಿ?"

"ದಿನಾ ಹಾಳಿಯೊಳಗ ಏನ ಬರೀತಿ?"

ನಕ್ಕ. "ಸ್ವಂತದ್ದು ಇಲ್ಲ ಅಂತ ಬರೀತೇನಿ."

"ಅದನ್ನಽ ಬರಿ. ಮಂದಿ ಒಡಪು ಇಟಗೊಂಡು ನಂದು ಅನ್ನಬ್ಯಾಡ."

ಅವನು ನೋಟುಬುಕ್ಕು ತೆರೆಯುತ್ತ, "ಒಂದಿಷ್ಟು ನಾನೂ ಕಟ್ಟೇನಿ..." ಎಂದ. ಪೂರ್ತಿ ಹೇಳಲು ನಾನು ಬಿಡಲಿಲ್ಲ. ನೋಟುಬುಕ್ಕನ್ನು ಕಸಿದುಕೊಂಡು, ಒಳ ರಟ್ಟಿನ ಮೇಲೆ ನನ್ನ ಕೆಂಪು ಪೆನ್ನಿನಿಂದ ನಾನೇ ಬರೆದುಕೊಟ್ಟೆ: "ಇದರಲ್ಲಿ ನನ್ನ ಸ್ವಂತದ್ದು ಏನೂ ಇಲ್ಲ. ಎಲ್ಲವೂ ನಾಲ್ಕು ತಾಲೂಕಿನ ಹೆಣ್ಣುಮಕ್ಕಳದು." ಓದಿ ತಲೆಯಾಡಿಸಿದ. ಆ್ಯಪಿನ ಮೊದಲ ಪುಟದಲ್ಲಿ ಅದನ್ನೇ, ಅಕ್ಷರ ಬಿಡದೆ, ಹಾಕಿದ. ಮೊದಲ ದಿನ ನಾನೇ ಕಲಿಸಿದ ಪಾಠದ ಅರ್ಧವನ್ನು ನಾನೇ ಮರೆತಿದ್ದೆ. ಬರೀಲಿಲ್ಲಂದ್ರ ಎಲ್ಲಾ ಚೀಲದ್ದಽ.

ಒಂದು ವರ್ಷ ಎರಡು ತಿಂಗಳು ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಮೊಬೈಲ್ ಹಿಡಿದು ಓಡುತ್ತ ಬಂದ. ಆ್ಯಪುಗಳ ಅಂಗಡಿ ನಡೆಸುವವರಿಂದ ಬಂದ ಇಂಗ್ಲಿಷ್ ಪತ್ರ. ನಾನು ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದಿದೆ. ಇಂಥ ಕಂಪನಿಯವರು ದೂರು ಕೊಟ್ಟಿದ್ದಾರೆ, ಈ ಒಡಪುಗಳ ಹಕ್ಕು ತಮ್ಮದು ಅನ್ನುತ್ತಾರೆ, ಆದ್ದರಿಂದ ನಿಮ್ಮ ಆ್ಯಪನ್ನು ನಮ್ಮ ಅಂಗಡಿಯಿಂದ ತೆಗೆದಿದ್ದೇವೆ. ಒಪ್ಪದಿದ್ದರೆ, ಹಕ್ಕು ನಿಮ್ಮದೆಂದು ಪ್ರಮಾಣ ಮಾಡಿ, ಇಷ್ಟು ದಿನದೊಳಗೆ ಬರೆಯಿರಿ. ಆ ಕಂಪನಿಯ ಆ್ಯಪ್ ತೆರೆದು ನೋಡಿದೆವು. ಇವನ ಒಡಪುಗಳು, ಇವನ ಅನುಕ್ರಮದಲ್ಲಿಯೇ. ಸೀಟಿ ಮಾತ್ರ ತೆಗೆದು ಗೆಜ್ಜೆ ಸದ್ದು ಹಾಕಿದ್ದರು.

"ಸಾಹೇಬ್ರ, ಚೆಕ್ಕಿಂಗ್‌ನವರಾದ್ರೂ ಬಸ್ ಹತ್ತಿ ಮಾರಿ ತೋರಸ್ತಾರ," ಅಂದ. "ಇವ್ರು ಮಾರಿನೂ ತೋರಸಲಿಲ್ಲ, ಬಸ್ಸಽ ತಗೊಂಡು ಹೋದ್ರಲ್ರಿ."

ಇಂಡಿ ಪಟ್ಟಣದ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಗೇಲಿ ಸ್ವಭಾವದ ಮನುಷ್ಯ, ಆದರೆ ಕೆಟ್ಟವರಲ್ಲ. ಮೇಜಿನ ಮೇಲೆ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು, ಒಂದನ್ನು ಕೈಯಲ್ಲಿ ಉರುಳಿಸುತ್ತ ಕೇಳಿದರು.

"ಒಡಪು ನಿಮ್ಮಾವಽನು?"

"ಅಲ್ರಿ."

"ಅವರಾವು?"

"ಅವರಾವೂ ಅಲ್ರಿ."

"ಮತ್ತ ಯಾರಾವು?"

"ಹೆಣ್ಮಕ್ಕಳಾವ್ರಿ."

"ಹೆಸರು ಕೊಡ್ರಿ, ಅವ್ರನ್ನಽ ಕರಸೂಣು."

ಅವನಲ್ಲಿ ಹೆಸರುಗಳಿರಲಿಲ್ಲ. ಗಂಡನ ಹೆಸರು ಹೇಳಲು ನಾಚುವವರ ಹತ್ತಿರ ಅವರ ಹೆಸರು ಕೇಳುವುದು ಹೇಗೆ ಎಂದು ಕೇಳಿರಲೇ ಇಲ್ಲ. ನೋಟುಬುಕ್ಕಿನಲ್ಲಿ ಬರೆದಿದ್ದದ್ದು "ತಂಗಡಗಿ, ಹಸಿರು ಸೀರೆ, ಮುದುಕಿ" ಎಂದು. "ಯಂಕಂಚಿ, ಜೋಳದ ಗಂಟು" ಎಂದು.

ವಕೀಲರು ನಿಂಬೆಹಣ್ಣು ಕೆಳಗಿಟ್ಟರು. ಹಳೆಯ ಜನಪದ ಮಾತು ಯಾರ ಸ್ವತ್ತೂ ಅಲ್ಲ ಎಂದರು. ಆದರೆ ಅದನ್ನು ಆರಿಸಿ, ಜೋಡಿಸಿ, ತಿದ್ದಿದ ಕೆಲಸ ಇವನದಾಗಬಹುದು. ತಾನೇ ಕಟ್ಟಿದ ಸಾಲುಗಳಂತೂ ಇವನದೇ, ತೋರಿಸಲು ಬಂದರೆ. ಅರ್ಧ ಅವರದು, ಅರ್ಧ ಇವನದು ಇದ್ದದ್ದು ಹೇಗೋ ಏನೋ. "ಒಬ್ಬ ಜಜ್ಜು ಹೌದಂದಾನು, ಇನ್ನೊಬ್ಬ ಅಲ್ಲ ಅಂದಾನು. ನನಗೂ ಗೊತ್ತಿಲ್ಲ, ಖರೇ ಹೇಳ್ತೇನಿ. ಆದ್ರ ಮೊದಲ ನೀವು ನಂದು ಅನ್ನಬೇಕಲ್ಲ?" ಎನ್ನುತ್ತ, ಇವನು ತೆಗೆದಿಟ್ಟುಕೊಂಡಿದ್ದ ಆ್ಯಪಿನ ಮೊದಲ ಪುಟದ ಚಿತ್ರ ನೋಡಿದರು. ಓದಿದರು. ಇನ್ನೊಮ್ಮೆ ಓದಿದರು.

"ಇದನ್ನ ಬರಿ ಅಂತ ಯಾವ ಶ್ಯಾಣ್ಯಾ ಹೇಳಿದಾ ನಿಮಗ? ನಿಮ್ಮ ಕುತಗಿಗಿ ನೀವಽ ಉರ್ಲು ಹಾಕ್ಕೊಂಡಂಗಾತಲ್ಲ."

ನಾನು ಪಕ್ಕದ ಕುರ್ಚಿಯಲ್ಲಿಯೇ ಇದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ಬುಟ್ಟಿಯ ಕಡೆ ನೋಡುತ್ತ ಹೇಳಿದ:

"ನಾನಽ ಬರದೇನ್ರಿ."

ಮೂವತ್ತು ಸೆಕೆಂಡು ಸಮಯವಿತ್ತು. ನಾನು ಬಾಯಿ ಬಿಡಲಿಲ್ಲ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಪ್ರಮಾಣಪತ್ರಕ್ಕೆ ಅವನು ಸಹಿ ಮಾಡಲಿಲ್ಲ. "ಎಲ್ಲಾ ನಂದು ಅಂತ ಹ್ಯಾಂಗ ಬರೀಲ್ರಿ? ಹಸರ ಸೀರಿ ಮುದುಕಿ ಮಾರಿ ಮುಂದ ಬರ್ತೈತಿ," ಅಂದ. ಅವನದೆಷ್ಟು, ಅವರದೆಷ್ಟು ಎಂದು ಬೇರೆ ಮಾಡಿ ಬರೆಯೋಣ ಎಂದು ವಕೀಲರು ಹೇಳಿದರು. ಅವನು ನನ್ನ ಮುಖ ನೋಡಿದ. ಸ್ವಂತದ್ದು ಇಲ್ಲ ಎಂದು ಬರೆಸಿದ ಮನುಷ್ಯ ನಾನು. "ಹೌದು, ಬರೆ" ಎಂದು ನಾನು ಹೇಳಿದ್ದರೆ ಬರೆಯುತ್ತಿದ್ದ. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಗಡುವು ಮುಗಿಯಿತು. ಆಮೇಲೆ ಅಂಗಡಿಯವರು ಅವನ ಖಾತೆಯನ್ನೇ ಮುಚ್ಚಿದರು. ಅದರೊಂದಿಗೆ ಬಸ್ಸಿನ ವೇಳೆಯ ಆ್ಯಪೂ ಹೋಯಿತು, ಅದರ ಮೇಲೆ ಯಾರ ದೂರೂ ಇರದಿದ್ದರೂ.

ಅದೇ ವರ್ಷ ಮನಗೂಳಿಯಲ್ಲಿ ಒಂದು ಮದುವೆ. ಅವನೂ ನಾನೂ ಹೋಗಿದ್ದೆವು. ಮದುಮಗಳನ್ನು ತಡೆದು ಒಡಪಿಗೆ ನಿಲ್ಲಿಸಿದರು. ಹಿಂದೆ ನಿಂತ ಅವಳ ತಂಗಿ ಮೊಬೈಲಿನಲ್ಲಿ ಆ ಗೆಜ್ಜೆಯ ಆ್ಯಪನ್ನು ತೆರೆದು ಪಿಸುಗುಟ್ಟಿದಳು. ಅಕ್ಕ ಗಾಬರಿಯಲ್ಲಿ ಕೇಳಿದ್ದನ್ನು ಕೇಳಿದಂತೆ ಒಪ್ಪಿಸಿದಳು:

"ಒಂದು ಸೀಟಿಗಿ ನಿಲ್ಲತೈತಿ, ಎರಡು ಸೀಟಿಗಿ ಓಡತೈತಿ, ...ರಾಯರ ಹೆಸರ ಹೇಳಾಕ ನಾಚಿಕಿ ಅಡ್ಡ ಬರತೈತಿ."

ಚುಕ್ಕೆ ಇರುವಲ್ಲಿ ಅವಳು ಹೇಳಿದ್ದು ಅವಳ ಗಂಡನ ಹೆಸರಲ್ಲ, ನನ್ನ ಪಕ್ಕದಲ್ಲಿ ನಿಂತವನ ಹೆಸರು. ಆ ಒಂದು ಒಡಪು ಅವನ ಹೆಂಡತಿ ಹೇಳುತ್ತಿದ್ದದ್ದು. ಅದರಲ್ಲಿ ಮಾತ್ರ ಹೆಸರು ಬದಲಾಗದಂತೆ ಅವನು ಗಟ್ಟಿಯಾಗಿ ಕೂರಿಸಿದ್ದ. ಕದ್ದವರು ಓದಿ ನೋಡದೆ, ಹೆಸರಿನ ಸಮೇತ ಎತ್ತಿಕೊಂಡಿದ್ದರು.

ಮಂಟಪವೆಲ್ಲ ಹೋ ಎಂದಿತು. "ಯಾರವ್ವಾ ಅಂವಾ? ಇನ್ನೊಬ್ಬನ್ನ ಯಾವಾಗ ನೋಡಿಟ್ಟಿದ್ದಿ?" ಎಂದು ಯಾರೋ ಕೂಗಿದರು. ಮದುಮಗಳು ಅಳತೊಡಗಿದಳು. ಅವನು ಊಟ ಮಾಡದೆ ಹೊರಗೆ ಬಂದ.

"ನನ್ನ ಹೇಣ್ತಿ ಬಿಟ್ರ ಆ ಒಡಪು ಯಾರೂ ಹೇಳಿದ್ದಿಲ್ರಿ ಸಾಹೇಬ್ರ," ಎಂದಷ್ಟೇ ಹೇಳಿದ.

ಮರುದಿನ ವಕೀಲರಿಗೆ ಫೋನು ಮಾಡಿದೆ. ಕಳ್ಳ ಸಿಕ್ಕಂತೆಯೇ ಎಂದರು, ಆದರೆ ಅಂಗಡಿಯವರ ಬಾಗಿಲು ಮುಚ್ಚಿಹೋಗಿದೆ, ಇನ್ನು ಕೋರ್ಟಿಗೇ ಹೋಗಬೇಕು, ಅಲ್ಲಿಯೂ ಮೊದಲ ಪ್ರಶ್ನೆ ಅದೇ. ಅವನು ಹೋಗಲಿಲ್ಲ. ಬಸ್ಸಿನಲ್ಲಿ ಹೆಣ್ಣುಮಕ್ಕಳು, "ಏನಪಾ, ನಿನ್ನ ಆ್ಯಪ್ ಎಲ್ಲಿ ಹೋತು?" ಎಂದು ಕೇಳಿದರೆ, "ರೂಟ್ ಕ್ಯಾನ್ಸಲ್ ಆಗೇತವ್ವಾ," ಎನ್ನುತ್ತಿದ್ದ. ಒಡಪು ಕೇಳುವುದನ್ನು ಬಿಟ್ಟ. ಅವನ ಬಸ್ಸು ಮತ್ತೆ ಯಾವತ್ತೂ ತಡವಾಗಿ ಬರಲಿಲ್ಲ ಎಂದು ನನ್ನ ಜಾಗಕ್ಕೆ ಬಂದವರು ಹೊಗಳಿದರು.

ಇವತ್ತಿನ ಕೆಲಸಕ್ಕೆ ಬರುತ್ತೇನೆ. ಹನ್ನೊಂದಕ್ಕೆ ಶುರುಮಾಡಿದೆವು. ಖಾಸೀಂಸಾಬ ಗಟ್ಟಿಯಾಗಿ ಓದುವುದು, ಅವನ ಹೆಂಡತಿ ಕೇಳಿ ಹೇಳುವುದು, ನಾನು ಗುರುತು ಹಾಕುವುದು. ಅವಳಿಗೆ ಎಲ್ಲ ಗೊತ್ತಿತ್ತು. ಕಟ್ಟಿದ ಪ್ರತಿಯೊಂದನ್ನೂ ಅವನು ಒಲೆಯ ಮುಂದೆ ಕುಳಿತು ಅವಳಿಗೆ ಹೇಳಿ ನೋಡುತ್ತಿದ್ದನಂತೆ.

"ಇದು ಮಂದೀದು. ಇದು ಇವರದು. ಇದರಾಗ ಎರಡನೇ ಸಾಲು ಇವರದು."

"ಆ ಸೀಟಿದು?" ಎಂದ ಖಾಸೀಂಸಾಬ.

"ಅದೂ ಇವರದಽ. ಲಗ್ನದಾಗ ನನಗ ಒಡಪು ಬರತಿದ್ದಿಲ್ಲ. ಕದಾ ಹಿಡದು ನಿಂತಿದ್ರು ಎಲ್ಲಾರು. ಕಿವ್ಯಾಗ ಇವರಽ ಹೇಳಿಕೊಟ್ರು."

ಎಂಟನೆಯ ನೋಟುಬುಕ್ಕಿನಲ್ಲಿ ಒಂದು ಕಡೆ ಅವಳು ತಡೆದಳು. ಖಾಸೀಂಸಾಬ ಓದಿದ್ದು ಇದು: "ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ್ರ ಹೊತ್ತಲಿ, ...ರಾಯರ ಬಸ್ಸು ಮೊದಲ ಊರಿಗಿ ಹತ್ತಲಿ."

"ಇದು ಯಾರದವ್ವಾ?" ಎಂದು ಕೇಳಿದೆ.

"ಬಿಡ್ರಿ."

"ಬಿಡಾಕ ಬರೂದಿಲ್ಲ."

"ನಂದು," ಅಂದಳು. "ಇನ್ನೂ ಅದಾವು. ಯಾರೂ ಕೇಳಿದ್ದಿಲ್ಲ."

ಅವಳಿಗೆಂದು ನಾಲ್ಕನೆಯ ಗುರುತು ಶುರುಮಾಡಿದೆ.

ನಾಲ್ಕೂವರೆಗೆ ಹದಿನಾಲ್ಕೂ ಮುಗಿದವು. ಜೋಡಿಸುವಾಗ ಮೊದಲನೆಯದರ ರಟ್ಟು ತೆರೆದುಕೊಂಡಿತು. ಖಾಸೀಂಸಾಬ ಕಣ್ಣು ಕಿರಿದು ಮಾಡಿ ನೋಡಿದ. ಇಪ್ಪತ್ತು ವರ್ಷ ಪ್ರತಿದಿನ ನನ್ನ ಕೆಂಪು ಅಕ್ಷರ ನೋಡಿ ಬಸ್ಸು ಹೊರಡಿಸಿದ ಮನುಷ್ಯ.

"ಸಾಹೇಬ್ರ, ಇದು ನಿಮ್ಮ ಅಕ್ಷರಲ್ರಿ?"

"ಹೌದು."

ಅವಳು ತಲೆ ಎತ್ತಿದಳು. "ವಕೀಲರ ಮುಂದ ತಾವಽ ಬರದದ್ದು ಅಂದಿದ್ರಂತಲ್ರಿ ಇವರು?"

"ಸುಳ್ಳು ಹೇಳಿದ. ಬರದಾಂವ ನಾನು. ಅಲ್ಲೇ ಕುಂತಿದ್ದೆ, ಸುಮ್ಮನಿದ್ದೆ."

ಅವಳು ಬಹಳ ಹೊತ್ತು ಸೆರಗಿನ ಅಂಚು ಸರಿಮಾಡಿಕೊಂಡಳು. "ಇವರಿಗಿ ಸುಳ್ಳು ಹೇಳಾಕ ಬರತಿದ್ದಿಲ್ರಿ ಕಾಕಾರ," ಅಂದಳು. "ನಿಮ್ಮ ಸಲುವಾಗಿ ಕಲತಾರ."

ಖಾಸೀಂಸಾಬ ಎದ್ದು ಬಾಗಿಲ ಬಳಿ ಹೋಗಿ ನಿಂತ. ಅವಳು ನೋಟುಬುಕ್ಕನ್ನು ನನ್ನ ಮುಂದೆ ಸರಿಸಿದಳು.

"ಕಾಟ ಹೊಡೀರಿ ಅದಕ್ಕ."

ನಮ್ಮ ನಿಲ್ದಾಣದ ದಾಖಲೆಯಲ್ಲಿ ತಪ್ಪು ಬರೆದದ್ದನ್ನು ಅಳಿಸುವಂತಿಲ್ಲ, ಅದರ ಮೇಲೆ ತಿದ್ದುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿ, ವೇಳೆ ಹಾಕಬೇಕು. ಹಾಗೆಯೇ ಮಾಡಿದೆ. ಅದರ ಕೆಳಗೆ ಬರೆದೆ: ಅವನ ಸ್ವಂತದ್ದು, ನೂರಾ ಆರು. ಅವನ ಹೆಂಡತಿಯದು, ಹದಿನೇಳು. ಅವನು ಪೂರ್ತಿ ಮಾಡಿದ್ದು, ಐವತ್ತೆರಡು. ಉಳಿದವು ನಾಲ್ಕು ತಾಲೂಕಿನ ಹೆಣ್ಣುಮಕ್ಕಳವು. ಅದರ ಕೆಳಗೆ: ತಡ, ಮೂರು ವರ್ಷ.

ಕಾರಣ ಎಂದು ಬರೆದು, ಮುಂದೆ ನನ್ನ ಪೂರ್ತಿ ಹೆಸರು ಬರೆದೆ. ಮೂವತ್ತೆರಡು ವರ್ಷದಲ್ಲಿ ಆ ಜಾಗದಲ್ಲಿ ನನ್ನ ಹೆಸರನ್ನು ಒಮ್ಮೆಯೂ ಬರೆದಿರಲಿಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ ಪೆನ್ನಿನ ಮುಚ್ಚಳ ಹಾಕಿದೆ.